ಕ್ಯಾಂಪಿನ ಹನ್ನೆರಡು ಗಾಜು

ಮೊನ್ನೆ ಬಳ್ಳಾರಿಯಲ್ಲಿ ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದವರಿಗೆ ತರಬೇತಿ ಇತ್ತು. ಹಳಬರೊಬ್ಬರು ನಾಲ್ಕು ಮಾತು ಹೇಳಲಿ ಎಂದು ನನ್ನನ್ನು ಕರೆಸಿದ್ದರು. "ಹತ್ತೇ ನಿಮಿಷ ರೀ ಎರ್ರಿಸ್ವಾಮಿಯವರ, ಆಮ್ಯಾಲೆ ಊಟ ಐತಿ" ಎಂದು ಕಿವಿಯಲ್ಲಿ ಹೇಳಿಯೇ ಮೈಕು ಕೊಟ್ಟರು. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಸರ್, ನಿಮ್ಮ ಸರ್ವಿಸ್‌ನಾಗ ಮರಿಲಾರದ ಕೇಸ್ ಯಾವುದು?" ಎಂದು ಕೇಳಿದಳು. ನಾನು ಪೋಲಿಯೋ ಹನಿಯ ಕಾಲದ ಯಾವುದೋ ಒಂದು ಪ್ರಸಂಗ ಹೇಳಿ ಚಪ್ಪಾಳೆ ಹೊಡೆಸಿಕೊಂಡು, ಶಾಲು ಮಡಚಿಕೊಂಡು ಮನೆಗೆ ಬಂದೆ. ಹೇಳಿದ್ದು ಸುಳ್ಳಲ್ಲ, ಆದರೆ ಮರೆಯಲಾರದ್ದು ಅದಲ್ಲ. ಆ ಹುಡುಗಿ ನಿಜವಾಗಿ ಕೇಳಿದ್ದಳು, ನಾನು ನಿಜವಾಗಿ ಹೇಳಬೇಕಿತ್ತು. ಅದಕ್ಕೇ ಈ ಬರಹ.

ನಾನು ಕೆಲಸಕ್ಕೆ ಸೇರಿದ್ದು ಕುರುಗೋಡಿನಲ್ಲಿ. ಕಾಗದದ ಮೇಲೆ ಕಿರಿಯ ಆರೋಗ್ಯ ಸಹಾಯಕ, ಜನರ ಬಾಯಲ್ಲಿ ಮಲೇರಿಯಾ ಸಾಹೇಬ. ಒಂದು ಸೈಕಲ್ಲು, ಹೆಗಲಿಗೆ ಖಾಕಿ ಚೀಲ. ಚೀಲದಲ್ಲಿ ಸ್ಪಿರಿಟ್ಟು, ಹತ್ತಿ, ಸೂಜಿ, ಮಾತ್ರೆ, ಗಾಜಿನ ಪಟ್ಟಿಗಳ ಡಬ್ಬಿ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಮುಂದೆ ನಿಂತು "ಜ್ವರ ಬಂದಾವೇನ್ರೀ ಯಾರಿಗಾರ?" ಎಂದು ಕೂಗಬೇಕು. ಬಂದಿದ್ದರೆ ಬೆರಳ ತುದಿ ಚುಚ್ಚಿ, ಒಂದೆರಡು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಹೆಸರು ಬರೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳುತ್ತಿದ್ದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಇಲಾಖೆಯವರು ಬರೆಸಿದ ಚೌಕ ಇರುತ್ತಿತ್ತು. ಮನೆಗೆ ಹೋದ ದಿನ ಅದರಲ್ಲಿ ತಾರೀಕು ಹಾಕಿ ಸಹಿ ಮಾಡಿ ಬರುವುದು ಪದ್ಧತಿ.

ಈಗ ಒಂದು ಹನಿ ರಕ್ತ ಕಿಟ್ಟಿನ ಮೇಲೆ ಹಾಕಿದರೆ ಕಾಲು ತಾಸಿನಲ್ಲಿ ಗೆರೆ ಮೂಡುತ್ತದೆ. ನೀವು ನಿಂತ ಜಾಗವನ್ನೂ ಮೊಬೈಲೇ ಮೇಲಿನವರಿಗೆ ಹೇಳುತ್ತದೆ. ಒಳ್ಳೆಯದೇ ಆಯಿತು. ಆದರೂ ಕುರುಗೋಡಿನ ಆ ಬಿಸಿಲಿನ ಓಣಿಗಳು, ನನ್ನ ಸೈಕಲ್ ಗಂಟೆ ಕೇಳಿದೊಡನೆ ಬೆರಳು ಮುಚ್ಚಿಕೊಂಡು ಓಡುತ್ತಿದ್ದ ಮಕ್ಕಳು, "ಕೂಡಪ್ಪ, ಮಜ್ಜಗಿ ಕುಡದು ಹೋಗು" ಎಂದು ಚೊಂಬು ಹಿಡಿದು ಬರುತ್ತಿದ್ದ ಅವ್ವಂದಿರು, ಹನ್ನೊಂದು ಗಂಟೆಗೆ ತಿನ್ನುತ್ತಿದ್ದ ಮಂಡಕ್ಕಿಯ ವಗ್ಗಾಣಿ-ಮಿರ್ಚಿ, ಇವೆಲ್ಲ ನೆನಪಾದರೆ ಈಗಲೂ ಮನಸ್ಸು ಹಗುರಾಗುತ್ತದೆ. ಊರಿನ ಯಾವ ಮನೆಯಲ್ಲಿ ಯಾರು ಕೆಮ್ಮುತ್ತಾರೆ ಎಂಬುದು ಆಗ ನನಗೆ ಗೊತ್ತಿತ್ತು. ಈಗ ನನ್ನ ಪಕ್ಕದ ಮನೆಯವರ ಹೆಸರೇ ಸರಿಯಾಗಿ ಗೊತ್ತಿಲ್ಲ.

ತಪ್ಪುಗಳನ್ನು ನಾನು ಬೇಗನೆ ಶುರು ಮಾಡಿದೆ. ಕೊಳಗಲ್ಲಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಾಗ ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ನನ್ನನ್ನೂ ಕಳಿಸಿದ್ದರು. ಬಾವಿಯ ಅಗಲ, ಆಳ ಅಳೆದು ಲೆಕ್ಕ ಮಾಡಿ ಹಾಕಬೇಕು. ಅಗಲದ ಅರ್ಧ ಹಿಡಿಯಬೇಕಾದಲ್ಲಿ ನಾನು ಪೂರಾ ಅಗಲ ಹಿಡಿದೆ. ಹಾಕಬೇಕಾದ್ದರ ನಾಲ್ಕು ಪಟ್ಟು ಪೌಡರ್ ಬಾವಿ ಸೇರಿತು. ಮರುದಿನ ಮುಂಜಾನೆ ಇಡೀ ಓಣಿ ನನ್ನನ್ನು ಹುಡುಕುತ್ತಿತ್ತು. ಒಬ್ಬ ಅಜ್ಜಿ ಚಹಾದ ಲೋಟವನ್ನು ನನ್ನ ಮೂಗಿಗೇ ಹಿಡಿದು, "ಮೂಸಿ ನೋಡಪ. ಇದು ಚಾ ಏನು? ದವಾಖಾನಿ ಐತಿ, ದವಾಖಾನಿ!" ಎಂದಳು. ವಾಂತಿಭೇದಿಯೇನೋ ನಿಂತಿತು. ಬ್ಲೀಚಿಂಗ್‌ನಿಂದ ನಿಂತಿತೋ, ಜನ ಆ ಬಾವಿಯ ನೀರೇ ಬಿಟ್ಟಿದ್ದರಿಂದ ನಿಂತಿತೋ, ನನಗೆ ಇವತ್ತಿಗೂ ಅನುಮಾನವಿದೆ.

ಆಗ ನನ್ನ ಮೇಲಿದ್ದವರು ಹಿರಿಯ ನಿರೀಕ್ಷಕರಾದ ಪಂಪಾಪತಿ. ಸಣ್ಣ ಆಳು, ದೊಡ್ಡ ದನಿ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾವು ಬರೆದ ವರದಿಯನ್ನು ಅವರು ಮೇಲೆಮೇಲೆ ನೋಡುತ್ತಿದ್ದರು. ಹೇಳದೆ ಕೇಳದೆ ಹಳ್ಳಿಗೆ ಹೋಗಿ ಗೋಡೆಯ ಚೌಕಗಳನ್ನು ಒಂದೊಂದಾಗಿ ಓದಿ ಬರುತ್ತಿದ್ದರು. ಬಾವಿಯ ಸುದ್ದಿ ಕೇಳಿ ನನಗೆ, "ಲೇ ಎರ್ರಿಸ್ವಾಮಿ, ಲೆಕ್ಕ ತಪ್ಪಿದ್ರ ತಿದ್ದಬಹುದು. ಹೋಗಲಾರದ ಮನಿಗೆ ಹೋಗೇನಿ ಅಂತ ಬರದೆಂದ್ರ ಅದನ್ನ ಯಾರೂ ತಿದ್ದಾಕ ಆಗಂಗಿಲ್ಲ, ತಿಳಿತಿಲ್ಲೋ?" ಎಂದರು. ನಾನು ತಿಳಿಯಿತು ಸಾರ್ ಎಂದೆ. ಆಗ ನನಗೆ ಏನೂ ತಿಳಿದಿರಲಿಲ್ಲ.

ಎರಡನೆಯ ವರ್ಷ ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು. ಪಂಪಾಪತಿ ಸಾಹೇಬರ ತಪಾಸಣೆಗೆ ಆ ತಾಲೂಕೂ ಸೇರಿತ್ತು. ಕಾಲುವೆ ನೀರಾವರಿ, ಎಲ್ಲಿ ನೋಡಿದರೂ ಭತ್ತ. ಭತ್ತದ ಗದ್ದೆ ಎಂದರೆ ನಿಂತ ನೀರು, ನಿಂತ ನೀರು ಎಂದರೆ ಸೊಳ್ಳೆ, ಸೊಳ್ಳೆ ಎಂದರೆ ನಾವು. ರಾರಾವಿ ಕಡೆಯ ಹಳ್ಳಿಗಳೂ ಅವುಗಳ ಆಚೆಗಿನ ಕ್ಯಾಂಪುಗಳೂ ನನ್ನ ಪಾಲಿಗೆ ಬಂದವು. ಕಾಲುವೆ ಬಂದಾಗ ಆಂಧ್ರದಿಂದ ಬಂದ ರೈತರೂ ಕೂಲಿಗೆ ಬಂದ ನಮ್ಮ ಜನರೂ ಗದ್ದೆಯ ನಡುವೆ ಕಟ್ಟಿಕೊಂಡ ಸಣ್ಣ ಊರುಗಳಿಗೆ ಅಲ್ಲಿ ಕ್ಯಾಂಪು ಎನ್ನುತ್ತಾರೆ. ಒಂದು ಬಾಗಿಲಲ್ಲಿ ತೆಲುಗು, ಮುಂದಿನ ಬಾಗಿಲಲ್ಲಿ ಕನ್ನಡ. ಜ್ವರ ಬಂದಾಗ ಇಬ್ಬರೂ ಒಂದೇ ರೀತಿ ನರಳುತ್ತಿದ್ದರು.

ತಿಂಗಳಿಗೆ ಇಷ್ಟು ಗಾಜು ಕೊಡಲೇಬೇಕೆಂದು ನಮಗೆ ಗುರಿ ಇತ್ತು. ಜ್ವರವೇ ಇಲ್ಲದ ತಿಂಗಳಲ್ಲಿ ಗಾಜು ಎಲ್ಲಿಂದ ತರುವುದು ಎಂದು ಮೇಲಿನವರು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟವನು ನನಗಿಂತ ಹಳಬನಾದ ಒಬ್ಬ ಸಹೋದ್ಯೋಗಿ. ಹೆಸರು ಬೇಡ, ಪುಣ್ಯಾತ್ಮ ಈಗಿಲ್ಲ. "ದೇವರು ಹತ್ತು ಬೆರಳು ಯಾಕ ಕೊಟ್ಟಾನ? ಚುಚ್ಚಿಕೋ, ಸವರು, ಹೆಸರು ಬರಿ. ಎಲ್ಲಾ ನೆಗೆಟಿವ್ ಬರ್ತಾವು, ಯಾರಿಗೂ ತ್ರಾಸಿಲ್ಲ" ಎಂದು ನಗುತ್ತಾ ಹೇಳಿದ್ದ. ನಾನೂ ನಕ್ಕಿದ್ದೆ.

ಅದು ನಾಟಿಯ ಕಾಲ. ತಿಂಗಳ ಕೊನೆ, ನನ್ನ ಗುರಿಗೆ ಇನ್ನೂ ಹನ್ನೆರಡು ಗಾಜು ಕಡಿಮೆ. ಕ್ಯಾಂಪಿಗೆ ಹೋಗುವ ದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ಮೂರು ನಾಲ್ಕು ದಿನದಿಂದ ನನಗೂ ಮೈಕೈ ನೋವು, ಆಗಾಗ ಸಣ್ಣ ಚಳಿ. ಮಳೆಯಲ್ಲಿ ಸೈಕಲ್ ತುಳಿದದ್ದಕ್ಕೆ ಹೀಗಾಗಿದೆ ಎಂದುಕೊಂಡಿದ್ದೆ. ರಾರಾವಿಯ ಚಹಾದಂಗಡಿಯ ಹಿಂದಿನ ಬೆಂಚಿನ ಮೇಲೆ ಕುಳಿತು ಚೀಲ ಬಿಚ್ಚಿದೆ. ಎಡಗೈಯ ಬೆರಳುಗಳನ್ನು ಚುಚ್ಚಿಕೊಂಡೆ. ಹನ್ನೆರಡು ಗಾಜುಗಳ ಮೇಲೆ ನನ್ನದೇ ರಕ್ತ ಸವರಿದೆ. ಕುಟುಂಬಗಳ ಹಳೆಯ ದಾಖಲೆ ಪುಸ್ತಕ ತೆಗೆದು, ಮನೆಗೊಂದರಂತೆ ಹನ್ನೆರಡು ಮನೆಯಿಂದ ಹನ್ನೆರಡು ಹೆಸರು ಆರಿಸಿದೆ. ಒಬ್ಬ ಮುದುಕ, ಶಾಲೆಗೆ ಹೋಗುವ ಒಂದಿಬ್ಬರು ಮಕ್ಕಳು, ನಾಲ್ಕಾರು ಗಂಡಸರು, ಹೆಂಗಸರು, ನೋಡಿದವರಿಗೆ ಸಹಜವಾಗಿ ಕಾಣಬೇಕಲ್ಲ. ಅದರಲ್ಲಿ ಒಂದು ಹೆಸರು ಹುಲಿಗೆಮ್ಮ, ವಯಸ್ಸು ಇಪ್ಪತ್ತು. ಒಂದೂ ಮನೆಗೆ ಹೋಗದೆ ಹನ್ನೆರಡು ಮನೆ ಮುಗಿಸಿ, ಚಹಾ ಕುಡಿದು, ಸಿರುಗುಪ್ಪದ ಬಸ್ಸು ಹತ್ತಿದೆ.

ಐದನೆಯ ದಿನ ಸಿರುಗುಪ್ಪದ ಆಸ್ಪತ್ರೆಯ ಪ್ರಯೋಗಾಲಯದಿಂದ ಕರೆ ಬಂತು. ಅಲ್ಲಿನ ಟೆಕ್ನಿಷಿಯನ್ ಖಾಜಾಸಾಬ್, ನಮ್ಮ ತಾಲೂಕಿನ ಅರ್ಧ ಜನರ ರಕ್ತ ನೋಡಿದ ಮನುಷ್ಯ. ನನ್ನನ್ನು ತಮ್ಮನಂತೆ ಕಾಣುತ್ತಿದ್ದರು. ಅವತ್ತು ಬಾಗಿಲು ಹಾಕಿ, ಸ್ಟೂಲು ತೋರಿಸಿದರು.

"ಲೇ, ಎಡಗೈ ತೋರ್ಸು."

ನಾನು ಕೈ ಹಿಂದೆ ಮಾಡಿದೆ.

"ಮುಂಜಾನಿ ಗಡಿಬಿಡ್ಯಾಗ ನೋಡಿ ಹನ್ನೆರಡೂ ಪಾಸಿಟಿವ್ ಅಂತ ಪಟ್ಟಿ ಕಳಿಸಿಬಿಟ್ಟೆ. ಆಮ್ಯಾಲೆ ಒಂದ ಕ್ಯಾಂಪಿನಾಗ ಹನ್ನೆರಡಕ್ಕ ಹನ್ನೆರಡು ಹೆಂಗ ಅಂತ ತಿರುಗಿ ನೋಡಿದೆ. ಮುದುಕನ ರಕ್ತಾನೂ ಅದಽ, ಕೂಸಿನ ರಕ್ತಾನೂ ಅದಽ. ಎಲ್ಲಾ ಒಂದಽ ತರ. ಹೌದಿಲ್ಲೋ?"

ನಾನು ಎಡಗೈ ಮುಂದೆ ಮಾಡಿದೆ. ಖಾಜಾಸಾಬ್ ಬೈಯಲಿಲ್ಲ. ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಐತಿ. ರೋಗ ಇರೋದು ನಿನಗ, ಗುಳಿಗಿ ಹೋಗ್ಯಾವು ಹನ್ನೆರಡು ಮನಿಗೆ" ಎಂದರು.

ಬಳ್ಳಾರಿಗೆ ಫೋನು ಹೋಗಿತ್ತು. ಒಂದೇ ಕ್ಯಾಂಪಿನಲ್ಲಿ ಹನ್ನೆರಡು ಮಲೇರಿಯಾ ಎಂದರೆ ಆ ಕಾಲಕ್ಕೆ ಜಿಲ್ಲಾ ಕಚೇರಿಯೇ ಎದ್ದು ನಿಲ್ಲುವ ವಿಷಯ. ಮಧ್ಯಾಹ್ನವೇ ಜೀಪು, ಔಷಧಿ ಹೊಡೆಯುವ ಆಳುಗಳು, ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆ, ಜೊತೆಗೆ ಪಂಪಾಪತಿ ಸಾಹೇಬರು ಎಲ್ಲ ಕ್ಯಾಂಪಿಗೆ ಹೋಗಿಯಾಗಿತ್ತು. ನನಗೆ ಒಳಗೊಳಗೇ ಒಂದು ಹಾಳು ಸಮಾಧಾನ ಹುಟ್ಟಿತು. ಐದು ದಿನ ಮಾತ್ರೆ ನುಂಗುತ್ತಾರೆ, ಆಮೇಲೆ ಎಲ್ಲರೂ ಗುಣವಾದರು ಎಂದು ಬರೆದರಾಯಿತು, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡೆ.

ಖಾಜಾಸಾಬ್ ಪಟ್ಟಿ ಓದುತ್ತಾ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಈ ಹುಲಿಗೆಮ್ಮ ಯಾರು, ನೋಡೀಯೇನು?"

"ಇಲ್ರಿ ಭಾಯ್."

"ನಾ ನೋಡೇನಿ. ಹೋದ ವಾರ ಇಲ್ಲೇ ಬಂದಿದ್ಲು, ಮೈಯಾಗ ರಕ್ತ ಎಷ್ಟೈತಿ ನೋಡಸಾಕ. ಬಸುರಿ ಅದಾಳ, ಐದು ತಿಂಗಳು. ರಕ್ತ ಮೊದಲಽ ಕಡಿಮಿ ಐತಿ. ಹಿಂದಿನ ಬಸುರು ನಿಂತಿಲ್ಲ ಅಂತ ಆಕಿ ಅತ್ತಿ ಅಳತಿದ್ಲು."

ಈ ಕೆಲಸಕ್ಕೆ ಬರುವವರಿಗೆ ಮೊದಲ ವಾರವೇ ಹೇಳುವ ಮಾತು: ಪ್ರಿಮಾಕ್ವಿನ್ ಬಸುರಿಯರಿಗೆ ಕೊಡಬಾರದು. ಅದು ರಕ್ತ ಒಡೆಯಬಹುದು, ಹೊಟ್ಟೆಯ ಕೂಸಿಗೂ ಅಪಾಯ. ನನಗೆ ಗೊತ್ತಿತ್ತು. ಆ ಮನೆಯ ಬಾಗಿಲಲ್ಲಿ ಒಂದು ನಿಮಿಷ ನಿಂತಿದ್ದರೆ ಅವಳು ಬಸುರಿ ಎಂಬುದೂ ಗೊತ್ತಾಗುತ್ತಿತ್ತು. "ಸಾಹೇಬ್ರು ಕೇಳೇ ಕೊಡ್ತಾರ ಅಲ್ರಿ, ಬಸುರಿ ಅದೀಯೇನು ಅಂತ?" ಎಂದೆ.

"ಆಳುಗಳು ಕೊಡ್ತಾರಲೇ, ಪರಗಂಡಸರು. ಎರಡು ವರ್ಷದ ಮ್ಯಾಲೆ ನಿಂತ ಬಸುರು, ದೃಷ್ಟಿ ಆದೀತು ಅಂತ ಆ ಮುದುಕಿ ಹೇಳ್ತಾಳೇನು? ಇಲ್ಲಿ ನನಗ ಹೇಳಾಕಽ ಅರ್ಧ ತಾಸು ತಗೊಂಡ್ಲು. ಕುಂತೀಯಲ್ಲ, ಓಡು!"

ರಾರಾವಿ ಬಸ್ಸು ಹತ್ತಿದೆ. ಆ ಬಸ್ಸು ಅಕ್ಕಿ ಗಿರಣಿಗಳ ಮುಂದೆಲ್ಲ ನಿಂತು ನಿಂತು ಹೋಗುತ್ತಿತ್ತು. ಪ್ರತಿ ಸಲ ನಿಂತಾಗಲೂ ನನಗೆ ಇಳಿದು ಓಡಬೇಕೆನಿಸುತ್ತಿತ್ತು. ಊಟ ಮಾಡಿ ಮಾತ್ರೆ ನುಂಗಬೇಕು ಎಂದು ಆಳುಗಳು ಹೇಳಿರುತ್ತಾರೆ. ನಾಟಿಗೆ ಹೋದ ಹೆಂಗಸರು ಹೊತ್ತು ಮುಳುಗುವಾಗ ಬಂದು ಉಣ್ಣುತ್ತಾರೆ. ಅಷ್ಟರೊಳಗೆ ಮುಟ್ಟಬೇಕು. ಜೀವಮಾನದಲ್ಲಿ ಯಾವ ದೇವರಿಗೂ ಅಷ್ಟು ಹರಕೆ ಹೊತ್ತವನಲ್ಲ ನಾನು. ರಾರಾವಿಯಲ್ಲಿ ಇಳಿದು ಓಡಿದರೆ ಹಳ್ಳದಲ್ಲಿ ಸೊಂಟದ ಮಟ್ಟ ನೀರಿತ್ತು. ಯಾವ ಹಳ್ಳ ದಾಟಲಾಗದೆಂದು ನಾನು ಬೆಂಚಿನ ಮೇಲೆ ಕುಳಿತಿದ್ದೆನೋ ಅದನ್ನೇ ಜ್ವರದ ಮೈಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಬಳಸು ದಾರಿಯಲ್ಲಿ ಬಂದ ಜೀಪು ಆಚೆ ದಂಡೆಯ ಮೇಲೆ ನಿಂತಿತ್ತು.

ಕ್ಯಾಂಪಿನ ನಡುವೆ ಪಂಪಾಪತಿ ಸಾಹೇಬರು ನಿಂತಿದ್ದರು. ಅವರ ಸುತ್ತ ಗದ್ದೆಯಿಂದ ಬಂದ ಜನ, ಮೊಣಕಾಲ ತನಕ ಕೆಸರು. ಸಾಹೇಬರು ನನ್ನನ್ನು ನೋಡಿ, "ಬಾರಪ್ಪ. ಹನ್ನೆರಡು ಮನಿ ಗೋಡಿ ಓದೇನಿ. ಗಾಜಿನ ತಾರೀಕಿಗೆ ನಿನ್ನ ಸಹಿ ಒಂದೂ ಇಲ್ಲ. ಗಾಜು ಮಾತ್ರ ಬಂದಾವು. ಹೆಂಗ ಬಂದುವು?" ಎಂದರು.

"ಸಾರ್, ಹುಲಿಗೆಮ್ಮನ ಮನಿ ಯಾವುದು? ಆಕಿಗೆ ಗುಳಿಗಿ ಕೊಟ್ಟಾರೇನು?" ಎಂದು ಕೇಳಿದೆ.

ಗುಂಪಿನ ಹಿಂದಿನಿಂದ ಒಬ್ಬ ಸಣಕಲು ಹೆಣ್ಣುಮಗಳು ಮುಂದೆ ಬಂದಳು. ಸೆರಗಿನ ತುದಿಯಲ್ಲಿ ಗಂಟು. ಅವಳ ಅತ್ತೆ ಯಂಕಮ್ಮ ಹಿಂದಿನಿಂದ, "ನುಂಗವ್ವ ಅಂದ್ರ ಕೇಳವಲ್ಲಳು, ಉಂಡು ಅರ್ಧ ತಾಸಾತು. ಸರಕಾರದೋರು ಸುಳ್ಳು ಹೇಳ್ತಾರೇನು?" ಎಂದು ಗೊಣಗುತ್ತಿದ್ದಳು.

ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಅಂಗೈಯಲ್ಲಿ ತೋರಿಸಿದಳು. ಒಂದೂ ಕಡಿಮೆಯಾಗಿರಲಿಲ್ಲ. "ನನ್ನ ರಕ್ತದಾಗ ರೋಗ ಐತಿ ಅಂದ್ರು. ನನ್ನ ಬೆರಳು ಯಾರೂ ಚುಚ್ಚಿಲ್ಲರಿ. ತಗೊಳಲಾರದ ರಕ್ತದಾಗ ರೋಗ ಹೆಂಗ ಕಂಡಿತು? ಅದನ್ನ ಹೇಳಿದ್ರ ನುಂಗತೀನಿ."

ನಾನು ಆ ಮಾತ್ರೆಗಳನ್ನು ಅವಳ ಅಂಗೈಯಿಂದ ತೆಗೆದುಕೊಂಡೆ. ಆಗ ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ಆದರೆ ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಪ್ರಯೋಗಾಲಯದಲ್ಲಿ ಗಾಜು ಅದಲುಬದಲಾಯಿತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕ್ಯಾಂಪಿನ ಜನ ನಂಬುತ್ತಿದ್ದರು, ತಪ್ಪು ಖಾಜಾಸಾಬರ ತಲೆಗೆ ಹೋಗುತ್ತಿತ್ತು. ನಾಲಿಗೆಯ ತುದಿಗೆ ಆ ಮಾತು ಬಂದಿತ್ತು ಕೂಡ. ಆದರೆ ನುಂಗಿದ ಬೇರೆಯವರೂ ಅಲ್ಲೇ ನಿಂತಿದ್ದರು. ಅವರಿಗೂ ನಿಜ ಗೊತ್ತಾಗಬೇಕಿತ್ತು.

"ನಿನ್ನ ಹೆಸರಿನ ಗಾಜಿನ ಮ್ಯಾಲೆ ಇದ್ದದ್ದು ನನ್ನ ರಕ್ತ ತಂಗಿ. ಹನ್ನೆರಡೂ ನನ್ನವೇ. ನಾನು ನಿಮ್ಮ ಯಾರ ಮನಿಗೂ ಬಂದಿಲ್ಲ. ರೋಗ ನನಗೈತಿ" ಎಂದೆ.

ಎಲ್ಲರೂ ಒಟ್ಟಿಗೇ ಮಾತಾಡಿದರು. ಕನ್ನಡದಲ್ಲಿ ಬೈದದ್ದು ಪೂರ್ತಿ ತಿಳಿಯಿತು, ತೆಲುಗಿನಲ್ಲಿ ಬೈದದ್ದು ಸಾಕಷ್ಟು ತಿಳಿಯಿತು. ಯಂಕಮ್ಮನಿಗೆ ಸಾಹೇಬರೇ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಆ ಮಾತ್ರೆ ಬಸುರಿಗೆ ಯಾಕೆ ಕೂಡದು ಎಂದು ಹೇಳಿದರು. ಮುದುಕಿ ಅಲ್ಲೇ ನೆಲದ ಮೇಲೆ ಕುಳಿತು, "ನಾನಽ ನುಂಗು ನುಂಗು ಅಂತ ಬಡಕೊಂಡೆನಲ್ಲೋ ಯಪ್ಪಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅತ್ತದ್ದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು.

ಉಳಿದ ಹನ್ನೊಂದು ಮಂದಿಯಲ್ಲಿ ಐವರು ಮೊದಲ ದಿನದ ಮಾತ್ರೆ ನುಂಗಿದ್ದರು. ಅವರನ್ನು ಮರುದಿನವೇ ಸಿರುಗುಪ್ಪದ ಡಾಕ್ಟರಿಗೆ ತೋರಿಸಿದೆವು. ಒಬ್ಬನಿಗೆ ಎರಡು ದಿನ ಹೊಟ್ಟೆ ನೋವು ಬಂತು, ಉಳಿದವರಿಗೆ ಏನೂ ಆಗಲಿಲ್ಲ. ಪಂಪಾಪತಿ ಸಾಹೇಬರು ನನ್ನ ಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದು ಬಳ್ಳಾರಿಗೆ ಕಳಿಸಿದರು. ಅದರಿಂದ ನನಗೆ ಆಗಬೇಕಾದ ಶಿಕ್ಷೆಯೆಲ್ಲ ಆಯಿತು. ಅವರ ಮೇಲೆ ನನಗೆ ಅವತ್ತೂ ಸಿಟ್ಟು ಬರಲಿಲ್ಲ. ನನ್ನನ್ನು ಕೆಲಸಗಾರನನ್ನಾಗಿ ಮಾಡಿದವರು ಅವರು ಮತ್ತು ಖಾಜಾಸಾಬ್. ಇಬ್ಬರೂ ಈಗಿಲ್ಲ, ಇದ್ದಿದ್ದರೆ ಇದನ್ನು ಮೊದಲು ಅವರಿಗೇ ಓದಿ ಹೇಳುತ್ತಿದ್ದೆ. ಹುಲಿಗೆಮ್ಮನಿಗೆ ಆ ಚಳಿಗಾಲದಲ್ಲಿ ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಸುದ್ದಿ ಕೇಳಿದ ದಿನ ನಾನೂ ಖಾಜಾಸಾಬರೂ ಪ್ರಯೋಗಾಲಯದಲ್ಲೇ ಜಿಲೇಬಿ ತರಿಸಿ ತಿಂದೆವು.

ಆದರೆ ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಆ ಸಂಜೆಯಲ್ಲೇ ಇದೆ. ಜನರ ಬೈಗುಳ ಮುಗಿದ ಮೇಲೆ ಸಾಹೇಬರು ನನ್ನ ಚೀಲ ತೋರಿಸಿ, "ಹನ್ನೆರಡು ಹೊಸ ಗಾಜು ತಗಿ. ಯಾರು ಕೊಡ್ತಾರೋ ಕೇಳು. ಕೊಡಲಿಲ್ಲಂದ್ರ ಕೈ ಮುಗಿದು ಬಾ" ಎಂದರು. ನಾನು ಚೀಲ ಬಿಚ್ಚಿ ನಿಂತೆ. ಯಾರೂ ಮುಂದೆ ಬರಲಿಲ್ಲ, ಯಾಕೆ ಬಂದಾರು? ನಾನು ಕೈ ಮುಗಿಯಬೇಕು ಎನ್ನುವಷ್ಟರಲ್ಲಿ ಹುಲಿಗೆಮ್ಮ ಕಟ್ಟೆಯ ಮೇಲೆ ಬಂದು ಕುಳಿತು, ಸೆರಗಿನಿಂದ ಕೆಸರು ಒರೆಸಿ, ಎಡಗೈ ಚಾಚಿದಳು.

"ತಗೋರಿ ಅಣ್ಣಾ. ಹನ್ನೆರಡು ಮನಿ ನೋವು ನಿಮ್ಮ ಒಂದು ಕೈ ಎಷ್ಟಂತ ತಡಕೊಂಡೀತು?"

ಅಷ್ಟು ಹೊತ್ತು ತಡೆದುಕೊಂಡಿದ್ದ ನಾನು ಆಗ ಅತ್ತುಬಿಟ್ಟೆ. ಸಾಹೇಬರು ಬೇರೆ ಕಡೆ ನೋಡಿದರು. ನಾನು ಚುಚ್ಚಿದ ಸೂಜಿ ಸರಿಯಾಗಿ ತಾಗಲಿಲ್ಲ, ರಕ್ತ ಬರಲಿಲ್ಲ. ಅವಳು ಬೆರಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಮ್ಮಿ ಚುಚ್ಚ್ರಿ" ಎಂದಳು.